ಏಸಿ ಆಫ್ ಮಾಡಬೇಡಿ ಅತ್ತೆ!

ಗೋವಿಂದರಾಜನಗರದಲ್ಲಿ ನನ್ನದೊಂದು ಶಾಮಿಯಾನ ಅಂಗಡಿ, ಅಂಗಡಿಗೊಂದು ಇಪ್ಪತ್ತೆರಡು ವರ್ಷದ ಟ್ರಕ್ಕು. ಅದನ್ನು ನಮ್ಮತ್ತೆ ‘ಗುಜರಿ’ ಎಂದೇ ಕರೆಯುತ್ತಾರೆ. ಈ ಅವಮಾನ ತೊಳೆಯಲೇಬೇಕಿತ್ತು! ನಾದಿನಿಯ ಕೆಂಗೇರಿ ಮನೆಯ ಗೃಹಪ್ರವೇಶಕ್ಕೆ ಅತ್ತೆಯನ್ನು ಅದೇ ಟ್ರಕ್ಕಿನಲ್ಲಿ, ಏಸಿ ಹಾಕಿಸಿ, ಮಹಾರಾಣಿಯ ಹಾಗೆ ಕರೆದೊಯ್ಯುತ್ತೇನೆಂದು ಶಪಥ ಮಾಡಿದೆ. ಕುರ್ಚಿ, ಪಾತ್ರೆ, ಒಲೆ ಎಲ್ಲವೂ ನನ್ನ ಗಾಡಿಯಲ್ಲೇ ಹೋಗಬೇಕು. ಹತ್ತೂವರೆಯ ಮುಹೂರ್ತಕ್ಕೆ ನಾನು ತಲುಪದಿದ್ದರೆ ಹಾಲು ಉಕ್ಕಿಸಲು ಒಲೆಯೇ ಇರುವುದಿಲ್ಲ.

ಏಸಿ ಕೂರಿಸಿದ ಮೆಕ್ಯಾನಿಕ್ ಇಸ್ಮಾಯಿಲಣ್ಣ ರೇಡಿಯೇಟರಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಬಿಗಿದರು.

“ಸಾರ್, ಇಂಜಿನ್ ಜೊತೆ ತಿರುಗ್ತಿದ್ದ ಹಳೇ ಫ್ಯಾನ್ ತೆಗ್ದಿದೀನಿ. ಇನ್ಮೇಲೆ ಇವುಕ್ಕೆ ಎರಡು ಕಡೆಯಿಂದ ಆರ್ಡರ್ ಬರ್ಬೇಕು. ಏಸಿ ಹಾಕಿದ್ರೂ ತಿರುಗ್ಬೇಕು, ಇಂಜಿನ್ ಬಿಸಿ ಆದ್ರೂ ತಿರುಗ್ಬೇಕು. ವೈರಿಂಗ್ ನಾಳೆ ಮಾಡ್ಕೊಡ್ತೀನಿ.”

“ವೈರಿಂಗಾ? ಛತ್ರಕ್ಕೆಲ್ಲ ಸೀರಿಯಲ್ ಸೆಟ್ ಹಾಕೋನಿಗೆ ಎರಡು ಫ್ಯಾನ್ ಯಾವ ಲೆಕ್ಕ ಬಿಡಿ!” ಎಂದು ಗಾಡಿಯನ್ನು ಮನೆಗೆ ತಂದೆ.

ಫ್ಯಾನಿನ ಮುಂದೆ ಊದುಬತ್ತಿ ಹಿಡಿದು ಪರೀಕ್ಷೆ ನಡೆಸಿದೆ. ಹೊಗೆ ಒಳಕ್ಕೆ ಹೋಗಬೇಕು. ಎಡಗಡೆಯ ಫ್ಯಾನು ವಿಧೇಯವಾಗಿ ಎಳೆದುಕೊಂಡಿತು. ಬಲಗಡೆಯದು ಹೊಗೆಯನ್ನೆಲ್ಲ ನನ್ನ ಮುಖಕ್ಕೇ ಊದಿತು!

“ರೀ, ಇಸ್ಮಾಯಿಲಣ್ಣನ್ನೇ ಕರೀರಿ,” ಎಂದಳು ಹೆಂಡತಿ ಸುಮಾ.

“ಸುಮ್ನಿರೇ, ವೈರ್ ಉಲ್ಟಾ ಆಗಿದೆ ಅಷ್ಟೆ.”

ಅದಲು ಬದಲು ಮಾಡಿದೆ. ಸರಿಹೋಯಿತು! ಆ ಹುಮ್ಮಸ್ಸಿನಲ್ಲೇ ಏಸಿ ಸ್ವಿಚ್ಚಿನಿಂದ ಫ್ಯಾನುಗಳಿಗೆ ವೈರು ಎಳೆದೆ. ಇಂಜಿನ್ನಿನಿಂದ ಬರಬೇಕಾದ ಆರ್ಡರು ಅನಗತ್ಯವೆಂದು, ಕೂಲಂಕಷ ಪರಿಶೀಲನೆಯ ನಂತರ, ತೀರ್ಮಾನಿಸಲಾಯಿತು. ಏಪ್ರಿಲ್ ಬಿಸಿಲಿನಲ್ಲಿ ಏಸಿ ಆರಿಸುವ ಹುಚ್ಚರು ಯಾರಿದ್ದಾರೆ?

ನಮ್ಮತ್ತೆ ಇದ್ದರು.

ಗೃಹಪ್ರವೇಶದ ದಿನ ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕಿಟಕಿ ಪಕ್ಕ ಕೂತರು. “ಹಾಲು ಪೂರ್ವಕ್ಕೆ ಉಕ್ಕಿದ್ರೆ ಆ ಮನೆಗೆ ಶ್ರೇಯಸ್ಸು ಕಣೇ,” ಎಂದು ಪಕ್ಕದಲ್ಲಿದ್ದ ಸುಮಾಗೆ ಹೇಳುತ್ತಿದ್ದವರು ನಾಯಂಡಹಳ್ಳಿ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಮೂರು ಸಲ ಸೀನಿದರು. “ಅಯ್ಯೋ, ಶೀತ!” ಎಂದು ಏಸಿ ಟಪ್ಪನೆ ಆರಿಸಿಬಿಟ್ಟರು.

ಫ್ಯಾನುಗಳೂ ನಿಂತವು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೊರಟಿತು. ನಾನು ತಕ್ಷಣ ಏಸಿ ಹಾಕಿದೆ, ಮುಳ್ಳು ಇಳಿಯಿತು. ಅತ್ತೆ ಆರಿಸಿದರು, ಏರಿತು.

“ಆಫ್ ಮಾಡಬೇಡಿ ಅತ್ತೆ! ಗಾಡಿ ನಿಂತೋಗತ್ತೆ!”

“ತಣ್ಣಗಿಲ್ದಿದ್ರೆ ಓಡಲ್ಲ ಅನ್ನೋಕೆ ಇದೇನು ಐಸ್ ಕ್ರೀಂ ಗಾಡಿನಾ ಅಳಿಯಂದ್ರೇ?”

ಅವರಿಗೆ ಸರ್ಕ್ಯೂಟ್ ವಿವರಿಸುವ ಧೈರ್ಯ ನನಗಿರಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಹಿಂದಿನಿಂದ ಮೇಜಿನ ಬಟ್ಟೆ ಎರಡು ತಂದು ಹೊದಿಸಿದೆ. ಕಿವಿಗೆ ಗಾಳಿ ಹೊಡೆಯುತ್ತದೆಂದರು. ಮದುವೆ ಕುರ್ಚಿಯ ಕವರೊಂದನ್ನು ತಲೆಗೆ ಹಾಕಿ, ಅದರ ಕೆಂಪು ರಿಬ್ಬನ್ನನ್ನು ಸುಮಾ ಗಲ್ಲದ ಕೆಳಗೆ ಗಂಟು ಹಾಕಿದಳು. ಮೆಟ್ರೊ ಕಂಬಗಳನ್ನು ಒಂದೊಂದಾಗಿ ಎಣಿಸುತ್ತಾ, ಏಸಿ ಫುಲ್ ಇಟ್ಟು ಓಡಿಸಿದೆ.

ಹತ್ತೂ ಇಪ್ಪತ್ತಕ್ಕೆ ಕೆಂಗೇರಿ! ಮುಳ್ಳು ಮಧ್ಯದಲ್ಲಿ, ಮೀಸೆ ಮೇಲೆ!

ಒಲೆ ಒಳಗೆ ಹೋಯಿತು. ರಿಬ್ಬನ್ ಕಟ್ಟಿಕೊಂಡ ಅತ್ತೆಯನ್ನು ನೋಡಿ ನೆಂಟರೆಲ್ಲ ಗಾಬರಿಯಾದರು. ಅತ್ತೆಯೇ ಘೋಷಿಸಿದರು: “ಗುಜರಿ ಅಂತಿದ್ನಲ್ಲ, ತಪ್ಪಾಯ್ತು ಕಣ್ರಪ್ಪ. ಒಳಗೆ ಊಟಿನೇ ಇದೆ!”

ಆಹಾ! ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಖುಷಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನೆಂಟರೊಬ್ಬರನ್ನು ಎಳೆದು ತಂದು, “ಇಂಜಿನ್ ಸದ್ದು ಹೇಗಿದೆ ಕೇಳಿ,” ಎಂದು ಸ್ಟಾರ್ಟ್ ಮಾಡಿದೆ. ಸದ್ದು ಸರಿಯಾಗಿ ಕೇಳಿಸಲೆಂದು ಏಸಿಯನ್ನು ನಾನೇ ಆರಿಸಿದೆ.

ನಾನೇ!

ನನ್ನ ವೈರಿಂಗ್ ಪಾಂಡಿತ್ಯದ ಬಗ್ಗೆ ಐದಾರು ನಿಮಿಷ ಭಾಷಣ ಮಾಡಿರಬೇಕು. ಒಳಗೆ ಎಲ್ಲರೂ ಹಾಲು ಉಕ್ಕುವುದನ್ನೇ ಕಾಯುತ್ತಿದ್ದರು. ಹೊರಗೆ ರೇಡಿಯೇಟರು ಕಾಯಲಿಲ್ಲ. ಬುಸ್ಸೆಂದು ಆವಿ ಎದ್ದು, ಬಿಸಿನೀರು ರಂಗೋಲಿಯ ಮೇಲೆ ಹರಿಯಿತು.

ಅತ್ತೆ ಕುರ್ಚಿ ಕವರಿನ ಸಮೇತ ಹೊರಗೆ ಬಂದರು. ಆವಿಯನ್ನು ನೋಡಿದರು, ಸೂರ್ಯನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಹೋಗ್ಲಿ ಬಿಡಿ ಅಳಿಯಂದ್ರೇ. ನಿಮ್ಮ ಗುಜರಿನೂ ಪೂರ್ವಕ್ಕೇ ಉಕ್ಕಿದೆ.”