ನಾನು ಮುದ್ದೆ ಬೇಡವೆಂದ ದಿನ

ನಾನು ದಪ್ಪಗಿದ್ದೇನೆ. ‘ಸ್ವಲ್ಪ ಮೈ ಬಂದಿದೆ’, ‘ಮೈಕೈ ತುಂಬಿಕೊಂಡಿದ್ದಾರೆ’ ಎಂಬ ಮರ್ಯಾದೆಯ ಮಾತುಗಳನ್ನೆಲ್ಲ ದಾಟಿ ಬಂದು ಬಹಳ ಕಾಲವಾಯಿತು. ಇದರ ಬಗ್ಗೆ ನನಗೆ ನಾಚಿಕೆಯಿಲ್ಲ; ನಾಚಿಕೆ ಇರಬೇಕೆಂದು ಬಯಸುವವರ ಮೇಲೆ ಸಿಟ್ಟಿದೆ. ಜ್ವರ ಬಂದವನನ್ನು ಜನ ‘ಡಾಕ್ಟರು ಏನಂದರು’ ಎಂದು ಕೇಳುತ್ತಾರೆ. ದಪ್ಪಗಿರುವವನನ್ನು ಯಾರೂ ಏನೂ ಕೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಗುತ್ತಲಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ನನ್ನ ಮೈಗೆ ಕಾರಣಗಳು ಪುಕ್ಕಟೆ ಸಿಗುತ್ತವೆ. ಹಾಲಿನ ಅಂಗಡಿಯವನ ಪ್ರಕಾರ ಅದು ಸಕ್ಕರೆ. ಇಸ್ತ್ರಿ ಅಂಗಡಿಯವನ ಪ್ರಕಾರ ಥೈರಾಯ್ಡು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಪ್ರಕಾರ ಸೋಮಾರಿತನ. ಅದನ್ನು ಅವರು ಜಗಲಿಯ ಮೇಲೆ ಕಾಲು ಚಾಚಿಕೊಂಡು ಹೇಳುತ್ತಾರೆ.

ಅಲ್ಲಿಂದ ಬಸ್ಸು ಹತ್ತಿದರೆ ಕಂಡಕ್ಟರು. “ಸಾ, ವಸಿ ಒತ್ತರಿಸ್ಕಳಿ, ಇನ್ನೊಬ್ರು ಕೂತ್ಕಬೇಕು” ಎನ್ನುತ್ತಾನೆ. ಒತ್ತರಿಸಿಕೊಳ್ಳುವುದು ಎಲ್ಲಿಗೆ? ಆ ಸೀಟು ಮಾಡಿದವನು ಊಟ ಮಾಡುವ ಮನುಷ್ಯರನ್ನು ಕಂಡೇ ಇರಲಿಲ್ಲವೆಂದು ನನ್ನ ಅನುಮಾನ. ಮಳವಳ್ಳಿಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ನಿಂಗರಾಜು ಕಾದಿರುತ್ತಾನೆ. “ಬಿಸ್ನೀರಿಗೆ ನಿಂಬೆಹಣ್ಣು ಇಂಡ್ಕೊಂಡ್ ಕುಡಿ ಕಣ್ಲಾ, ಕರಗೋಯ್ತೀಯ” ಎಂಬುದು ಅವನ ದಿನನಿತ್ಯದ ಉಪದೇಶ. ಅವನು ಆ ನೀರನ್ನು ವರ್ಷಗಳಿಂದ ಕುಡಿಯುತ್ತಿದ್ದಾನೆ. ಆದರೂ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಮೊದಲು ಅವನ ಹೊಟ್ಟೆ ಬರುತ್ತದೆ, ಆಮೇಲೆ ಅವನು ಬರುತ್ತಾನೆ.

ಇಷ್ಟೆಲ್ಲ ಕೇಳಿಸಿಕೊಂಡ ನನಗೂ ಒಂದು ಸ್ವಂತ ಸಿದ್ಧಾಂತವಿರಬಾರದೇ? ಇತ್ತು. ಬೊಜ್ಜಿಗೆ ಕಾರಣ ಬಲವಂತ. ನಮ್ಮ ಸೀಮೆಯಲ್ಲಿ ಬೇಡ ಎಂದರೆ ಇನ್ನೊಂದು ಇಕ್ಕು ಎಂದೇ ಅರ್ಥ. ಸಾಕು ಎಂದು ಎಲೆಗೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲಿ ಸಾರು ಬಿಡುತ್ತಾರೆ. ಎದ್ದೇಳಲು ಹೋದರೆ ಹೆಗಲು ಹಿಡಿದು ಕೂರಿಸುತ್ತಾರೆ. ನಾನು ತಿಂದು ದಪ್ಪಗಾದವನಲ್ಲ, ತಿನ್ನಿಸಿಕೊಂಡು ದಪ್ಪಗಾದವನು. ತಪ್ಪು ಊರಿನದು, ಹೊರುತ್ತಿರುವವನು ಮಾತ್ರ ನಾನು. ಈ ಮಾತನ್ನು ಮನೆಯಲ್ಲಿ ಹಲವು ಸಲ ಮಂಡಿಸಿದ್ದೇನೆ, ಹೆಂಡತಿ ಸಾವಿತ್ರಿ ಒಂದು ಸಲವೂ ಒಪ್ಪಲಿಲ್ಲ.

ಒಪ್ಪದವಳು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎಲ್ಲಿಯವರೆಂದುಕೊಂಡಿರಿ? ಮದ್ದೂರಿನವರು. ವಡೆಗೆ ಹೆಸರಾದ ಊರಿನಲ್ಲಿ ಕುಳಿತು, ಕಿಟಕಿಯಲ್ಲಿ ಕರಿದ ಈರುಳ್ಳಿಯ ಘಮ ಒಳಗೆ ಬರುತ್ತಿರುವಾಗ, ‘ಕರಿದದ್ದು ಬಿಡಿ’ ಎನ್ನಲು ಎಂಥ ಧೈರ್ಯ ಬೇಕು. ಆದರೂ ಮನುಷ್ಯ ಒಳ್ಳೆಯವರು. “ಇದು ಕಾಯಿಲೆ ಕಣ್ರಿ, ನಿಮ್ಮ ಗುಣ ಅಲ್ಲ” ಎಂದರು. ಮನೆತನದಿಂದ ಬಂದದ್ದು ಸ್ವಲ್ಪ, ಕೂತು ಮಾಡುವ ಕೆಲಸದ್ದು ಸ್ವಲ್ಪ, ಸರಿಯಾಗಿ ನಿದ್ದೆಯಿಲ್ಲದ್ದು ಸ್ವಲ್ಪ, ಉಳಿದದ್ದು ತಟ್ಟೆಯದು. ವಾಸಿಯಾಗುತ್ತದೆಯೇ ಎಂದು ಕೇಳಿದೆ. “ನಿಧಾನವಾಗಿ ಇಳಿಯುತ್ತೆ. ಇಳಿದಿದ್ದನ್ನ ಕಾಯ್ಕೊಂಡಿರಬೇಕು, ಅದೇ ಕಷ್ಟ” ಎಂದರು. ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿದೆ, ಮಂಡಿ ಸವೆಯುತ್ತಿದೆ ಎಂದೂ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಮುದ್ದೆ ಅರ್ಧವಾಯಿತು, ತುಪ್ಪದ ಡಬ್ಬ ನನ್ನ ಕೈಗೆಟುಕದ ಕಡೆ ಹೋಯಿತು. ನಾನು ಬೈದುಕೊಂಡೇ ಪಾಲಿಸಿದೆ.

ಇದೇ ಸಮಯಕ್ಕೆ ಮಗಳು ಶ್ವೇತಾಳಿಗೆ ಗಂಡು ಗೊತ್ತಾಗುವ ಹಂತ ಬಂತು. ಹುಡುಗ ಪೂರಿಗಾಲಿಯವನು, ಮದ್ದೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಹೆಣ್ಣು ನೋಡಲು ಬಂದವನು ಶ್ವೇತಾಳೊಂದಿಗೆ ಅರ್ಧ ಗಂಟೆ ಮಾತಾಡಿ ಹೋದ ಮೇಲೆ ಅವಳು ಎರಡು ದಿನ ಸುಮ್ಮಸುಮ್ಮನೆ ನಗುತ್ತಿದ್ದಳು. ಬಾಯಿಬಿಟ್ಟು ಹೇಳದಿದ್ದರೂ ನಮಗೆ ಅರ್ಥವಾಯಿತು. ಇನ್ನು ಉಳಿದದ್ದು ನಾವು ಹೋಗಿ ಗಂಡಿನ ಮನೆ ನೋಡಿ ಬರುವುದು. ನಮ್ಮ ಕಡೆ ಅದಕ್ಕೊಂದು ರೀತಿಯಿದೆ. ಅಲ್ಲಿ ಹೆಣ್ಣಿನ ತಂದೆ ಕಾಫಿ ಕುಡಿದರೆ ಅದು ಮರ್ಯಾದೆ, ಊಟ ಮಾಡಿದರೆ ಅದು ಒಪ್ಪಿಗೆ. ಸಂಬಂಧ ಬೇಡದವರು ಬೇಡ ಎಂದು ಮುಖಕ್ಕೆ ಹೇಳುವುದಿಲ್ಲ. ‘ಊಟ ಇನ್ನೊಂದ್ಸಲ ಮಾಡಾನ ಬುಡಿ’ ಎಂದು ನಯವಾಗಿ ಎದ್ದುಬರುತ್ತಾರೆ.

ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮಾರನೆಯ ದಿನವೇ ಮದ್ದೂರಿನಲ್ಲಿ ತೂಕ ನೋಡಿಸುವುದಿತ್ತು, ನನ್ನ ತಲೆಯೆಲ್ಲ ಅದರಲ್ಲೇ ಇತ್ತು. ಪೂರಿಗಾಲಿಯ ಆ ಮನೆಯಲ್ಲಿ ಹುಡುಗನ ತಂದೆ ಚಿಕ್ಕೇಗೌಡರು ನಾಟಿಕೋಳಿ ಸಾರು ಮಾಡಿಸಿದ್ದರು. ಸಾವಿತ್ರಿ ಒಳಗೆ ಹೆಂಗಸರ ಜೊತೆ ಊಟಕ್ಕೆ ಕೂತಿದ್ದಳು. ಸಂಬಂಧ ತಂದ ಕಿರುಗಾವಲಿನ ನಂಜಪ್ಪ ನನ್ನ ಪಕ್ಕದಲ್ಲಿ ಆಗಲೇ ತೋಳು ಮೇಲೇರಿಸಿದ್ದ. ಒಂದು ಮುದ್ದೆ ಎಲೆಯ ಮೇಲೆ ಬಂದು ಕೂತರೆ ಎರಡನೆಯದನ್ನು ತಡೆಯಲು ನನ್ನಿಂದಾಗದೆಂದು ನನಗೆ ಗೊತ್ತಿತ್ತು. ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಮಾಡಿಕೊಂಡು, “ನನಗೆ ಒಂದು ಲೋಟ ಮಜ್ಜಿಗೆ ಸಾಕು. ಊಟ ಇನ್ನೊಂದು ಸಲ ಮಾಡೋಣ ಬಿಡಿ” ಎಂದುಬಿಟ್ಟೆ. ಚಿಕ್ಕೇಗೌಡರು ನನ್ನ ಮುಖ ನೋಡಿದರು, ನಂಜಪ್ಪನ ಮುಖ ನೋಡಿದರು, “ಅಂಗೇ ಆಗ್ಲಿ” ಎಂದರು. ಯಾರೂ ಬಲವಂತ ಮಾಡದಿದ್ದದ್ದು ಕಂಡು ಎಂಥ ಸುಸಂಸ್ಕೃತ ಜನ ಎಂದುಕೊಂಡು ಬಸ್ಸು ಹತ್ತಿದೆ.

ಸಂಜೆ ನಂಜಪ್ಪನ ಫೋನು ಬಂತು. “ಏನಣ್ಣ, ಸಂಬಂದ ಬ್ಯಾಡ ಅಂತ ಮೊದ್ಲೇ ಏಳಿದ್ರೆ ನಾನ್ಯಾಕೆ ಕರ್ಕೊಂಡೋಯ್ತಿದ್ದೆ? ಅವ್ರು ಕೋಳಿ ಕುಯ್ಸಿ ಕಾದಿದ್ರೆ ನೀವು ಮಜ್ಗೆ ಕುಡ್ದು ಎದ್ದ್ ಬಂದ್ರಲ್ಲ.”

ನನಗೆ ಆಗ ಹೊಳೆಯಿತು. “ಪಥ್ಯ ಕಣಪ್ಪ ನಂಜಪ್ಪ, ಡಾಕ್ಟರು ಹೇಳಿದ್ದಾರೆ” ಎಂದೆ.

“ಅಂಗೇ ಏನೋ ಇರ್ಬೇಕು ಅಂತ ನಾನೂ ಅಂದೆ. ಗೌಡ್ರು ಕೇಳ್ಬೇಕಲ್ಲ. ‘ಆ ಮೈ ನೋಡ್ದೆ ಕಣ್ಲಾ ನಾನು. ಅದು ಪತ್ಯ ಮಾಡೋ ಮೈಯಾ? ಉಣ್ಣಾಕೆ ಇಷ್ಟ ಇರ್ನಿಲ್ಲ ಅಷ್ಟೇಯ’ ಅಂದ್ರು. ಬೇರೆ ಕಡೆ ನೋಡ್ಕತೀವಿ ಅಂತವ್ರೆ.”

ಹುಟ್ಟಿದಾರಭ್ಯ ಯಾವ ಎಲೆಯನ್ನೂ ಬರಿದು ಮಾಡದೆ ಎದ್ದವನಲ್ಲ ನಾನು. ಒಂದೇ ಒಂದು ಊಟ ಬಿಟ್ಟೆ, ಅದರ ಮೇಲೆ ಮಗಳ ಮದುವೆ ನಿಂತಿತ್ತು. ಫೋನಿನಲ್ಲಿ ನಂಜಪ್ಪನ ಗಟ್ಟಿ ದನಿಯನ್ನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ ಶ್ವೇತಾ, “ಹುಡುಗ ಇಷ್ಟ ಆಗ್ಲಿಲ್ಲ ಅಂದ್ರೆ ನನ್ಹತ್ರ ಹೇಳ್ಬೇಕಿತ್ತಪ್ಪ. ಅಲ್ಲಿ ಊಟ ಬಿಟ್ಟು ಯಾಕೆ ಹೇಳ್ದೆ?” ಎಂದಳು. ಇಷ್ಟವಾಗಿದ್ದಾನೆ ಕಣಮ್ಮ, ನಿನ್ನ ಮದುವೆ ಹೊತ್ತಿಗೆ ಸ್ವಲ್ಪ ಸಣ್ಣಗಾಗೋಣ ಅಂತ ಬಿಟ್ಟೆ ಎಂದೆ. ಅವಳು ಒಳಗೆ ಹೋದಳು. ಅವಳ ಕಣ್ಣು ನೋಡಿ ನನಗೆ ಬಹಳ ಸಂಕಟವಾಯಿತು. ಮಾರನೆಯ ದಿನ ಮದ್ದೂರಿನಲ್ಲಿ ತೂಕ ನಿಜವಾಗಿಯೂ ಇಳಿದಿತ್ತು. ಸಂತೋಷಪಟ್ಟವರು ಡಾಕ್ಟರೊಬ್ಬರೇ.

ಭಾನುವಾರ ಸಾವಿತ್ರಿಯನ್ನು ಕರೆದುಕೊಂಡು, ಹೇಳಿಕಳಿಸದೆ, ಪೂರಿಗಾಲಿಗೆ ಹೋದೆ. “ಊಟ ಮಾಡಲು ಬಂದಿದ್ದೇನೆ” ಎಂದು ಹೊಸ್ತಿಲಲ್ಲೇ ನಿಂತು ಹೇಳಿದೆ. ಮರ್ಯಾದೆ ನೋಡುತ್ತಾ ಕೂರುವ ಸಮಯವಾಗಿರಲಿಲ್ಲ. ಚಿಕ್ಕೇಗೌಡರು ಮೊದಲು ಬಿಗಿಯಾಗಿಯೇ ಇದ್ದರು. ಸಾವಿತ್ರಿ ಸಕ್ಕರೆಯ ವಿಷಯ, ಮಂಡಿಯ ವಿಷಯ, ಅರ್ಧ ಮುದ್ದೆಯ ವಿಷಯ ಎಲ್ಲ ಹೇಳಿದ ಮೇಲೆ ಮನುಷ್ಯ ಕರಗಿದರು. “ಅಯ್ಯೋ, ಅದ್ನ ಆವತ್ತೇ ಏಳಬಾರ್ದಾ? ನಮ್ಮಣ್ಣಂಗೂ ಸಕ್ಕರೆ ಕಾಯ್ಲೆ. ನಾವೇನು ಅರೀದ ಜನವಾ?” ಎಂದು ಹೆಂಡತಿಯ ಕಡೆ ತಿರುಗಿ, “ನೋಡಮ್ಮಿ, ಇವ್ರಿಗೆ ಯಾರೂ ಬಲವಂತ ಮಾಡ್ಬ್ಯಾಡಿ. ಸಾಸ್ತ್ರಕ್ಕೆ ಅರ್ಧ ಮುದ್ದೆ ಇಕ್ಕು, ಸಾಕು” ಎಂದರು.

ಅರ್ಧ ಮುದ್ದೆ ಬಂತು. ಹುರುಳಿಕಾಳಿನ ಬಸ್ಸಾರು ಬಂತು. ನಾನು ಮೊದಲ ತುತ್ತು ನುಂಗುತ್ತಲೇ ಚಿಕ್ಕೇಗೌಡರು “ಬೀಗ್ರೆ” ಎಂದು ಕರೆದರು, ಅಲ್ಲಿಗೆ ಮಗಳ ಮದುವೆ ಆದಂತೆಯೇ. ನನ್ನ ಎದೆ ಹಗುರವಾಯಿತು. ಎದೆ ಹಗುರವಾದದ್ದೇ ಹೊಟ್ಟೆಯಲ್ಲಿ ಜಾಗವಾಯಿತು. ಅರ್ಧ ಮುದ್ದೆ ಮುಗಿದು ಹೋಗಿತ್ತು. ನಾನು ಅಭ್ಯಾಸದಂತೆ ಎಲೆಗೆ ಅಡ್ಡ ಕೈ ಹಿಡಿದೆ. ಯಾರೂ ಹತ್ತಿರ ಬರಲಿಲ್ಲ. ಸಾಕು ಸಾಕು ಎಂದು ಗಟ್ಟಿಯಾಗಿ ಹೇಳಿದೆ. “ಸಾಕಂತೆ, ಬುಡಿ” ಎಂದರು ಬೀಗರು, ಬಹಳ ಗೌರವದಿಂದ. ಆ ಮನೆಯಲ್ಲಿ ನನ್ನ ಹೆಗಲು ಹಿಡಿಯುವವರಿರಲಿಲ್ಲ, ಬೆರಳ ಸಂದಿಯಲ್ಲಿ ಸಾರು ಬಿಡುವವರಿರಲಿಲ್ಲ. ಒಳಗಿನಿಂದ ಬಸ್ಸಾರಿನ ಒಗ್ಗರಣೆಯ ಘಮ ಮಾತ್ರ ಬರುತ್ತಿತ್ತು.

“ತಾಯಿ, ಆ ಇನ್ನರ್ಧ ಇಲ್ಲಿಗೇ ಇಕ್ಕಿ” ಎಂದೆ.

ಬೀಗಿತ್ತಿ ಅನುಮಾನಿಸಿದರು. “ಡಾಕ್ಟ್ರು ಏಳವ್ರಲ್ಲ ಅಣ್ಣ.”

“ಡಾಕ್ಟರು ಮದ್ದೂರಿನಲ್ಲಿದ್ದಾರೆ ತಾಯಿ” ಎಂದೆ. ಇನ್ನರ್ಧ ಬಂತು. ಅದರ ಹಿಂದೆ ಒಂದು ಪೂರ್ತಿಯೂ ಬಂತು, ಅದನ್ನೂ ನಾನೇ ಕರೆದೆ.

ವಾಪಸು ಬಸ್ಸಿನಲ್ಲಿರುವಾಗ ಶ್ವೇತಾ ಫೋನು ಮಾಡಿದಳು. ಒಪ್ಪಿಗೆಯಾಯಿತು ಕಣಮ್ಮ ಎಂದೆ. ಅವಳು ಮೂಗು ಸೇದಿಕೊಂಡು, “ನನ್ನಿಂದ ನಿನ್ನ ಪಥ್ಯ ಕೆಟ್ಟೋಯ್ತಾ ಅಪ್ಪ? ತುಂಬಾ ಬಲವಂತ ಮಾಡಿದ್ರಾ?” ಎಂದು ಕೇಳಿದಳು.

“ಏನ್ ಮಾಡೋದು ಕಣಮ್ಮ, ಎಷ್ಟು ಬೇಡ ಅಂದ್ರೂ ಬಿಡ್ಲಿಲ್ಲ” ಎಂದೆ.

ಸೀಟಿನಲ್ಲಿ ಉಳಿದಷ್ಟು ಜಾಗದಲ್ಲಿ ಕೂತಿದ್ದ ಸಾವಿತ್ರಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.