ಪಿ.ಜೆ. ಬಡಾವಣೆಯ ಹಿತ್ತಾಳೆ ರೂಪಾಯಿ

ಕೊಟ್ಟೂರೇಶನ ಹತ್ತಿರ ಚಿಲ್ಲರೆ ಇರಲಿಲ್ಲ.

ಅವನೊಬ್ಬನ ಹತ್ತಿರವಲ್ಲ, ಆ ವರ್ಷ ದಾವಣಗೆರೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು ಮುಂದಿನ ಸ್ಟಾಪಿನೊಳಗೆ ಮರೆತುಬಿಡುತ್ತಿದ್ದ. ಔಷಧಿ ಅಂಗಡಿಯವನು ಎಂಟಾಣೆಗೆ ಬದಲು ಪೆಪ್ಪರಮಿಂಟು ಕೊಡುತ್ತಿದ್ದ. ಸಕ್ಕರೆ ಕಾಯಿಲೆಗೆ ಮಾತ್ರೆ ಒಯ್ಯುವವರಿಗೂ ಪೆಪ್ಪರಮಿಂಟೇ. ಈರುಳ್ಳಿ ಕೆಜಿಗೆ ನಲವತ್ತು ದಾಟಿ, ಮಂಡಕ್ಕಿಯ ಮೇಲೆ ಎಲೆಕೋಸು ಬೀಳತೊಡಗಿದ್ದ ವರ್ಷ ಅದು. ಉಳಿದವರು ಹೇಗೋ ಸುಧಾರಿಸಿಕೊಂಡರು. ಕೊಟ್ಟೂರೇಶನ ಅನ್ನವೇ ಒಂದು ರೂಪಾಯಿ ನಾಣ್ಯದಲ್ಲಿತ್ತು. ಪಿ.ಜೆ. ಬಡಾವಣೆಯ ಶಕುಂತಲಮ್ಮನ ಮನೆಯ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು ಅವನು ನಾಲ್ಕು ವಿಡಿಯೋ ಗೇಮ್ ಮಷೀನು ಇಟ್ಟಿದ್ದ. ಬಾಯಿಗೆ ರೂಪಾಯಿ ಬೀಳದೆ ಅವು ಕಣ್ಣು ಬಿಡುತ್ತಿರಲಿಲ್ಲ.

ಎಂ.ಎ. ಅರ್ಥಶಾಸ್ತ್ರ ಮಾಡಿಯೂ ಕೆಲಸ ಸಿಗದವನು ಅವನು. ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ! ಹಣವೆಂದರೆ ಲೋಹವಲ್ಲ, ನಂಬಿಕೆ ಎಂದು ಪುಸ್ತಕದಲ್ಲಿತ್ತು. ನಂಬಿಕೆಗೆ ಲೇತ್ ಮಷೀನು ಸಾಕು ಎಂದು ಅವನಿಗೆ ಹೊಳೆಯಿತು. ಗುತ್ತೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗೆಳೆಯ ಕರಿಬಸವರಾಜನಿಂದ ರೂಪಾಯಿಯ ಅಳತೆಗೆ ಹಿತ್ತಾಳೆ ಬಿಲ್ಲೆ ಮಾಡಿಸಿ ತಂದ. ಹತ್ತರ ನೋಟು ಕೊಟ್ಟರೆ ಹತ್ತು ಬಿಲ್ಲೆ. ಒಂದು ಬಿಲ್ಲೆಗೆ ಒಂದು ಆಟ.

ಬಿಲ್ಲೆ ಅಂಗಡಿಯೊಳಗೇ ಸುತ್ತುತ್ತದೆ ಎಂದುಕೊಂಡಿದ್ದ. ಸುತ್ತಲಿಲ್ಲ. ಆಡಿ ಉಳಿದದ್ದನ್ನು ಹುಡುಗರು ಚೌಡವ್ವನ ಮಂಡಕ್ಕಿ ಗಾಡಿಯಲ್ಲಿ ಕೊಟ್ಟರು. ಚೌಡವ್ವ ಅದನ್ನು ಮಾಲತೇಶಪ್ಪನ ಚಾದಂಗಡಿಯಲ್ಲಿ ಕೊಟ್ಟಳು. ಮಾಲತೇಶಪ್ಪ ಹಾಲಿನವನಿಗೆ ಕೊಟ್ಟ. ಎರಡು ತಿಂಗಳಲ್ಲಿ ಇಡೀ ಬೀದಿ ಬಿಲ್ಲೆಯ ಮೇಲೆ ನಡೆಯತೊಡಗಿತು. ಕೊಟ್ಟೂರೇಶ ಹಿಗ್ಗಿದ. ಮತ್ತಷ್ಟು ಬಿಲ್ಲೆ ಮಾಡಿಸಿದ. ಚಾ, ಮಂಡಕ್ಕಿ, ಕ್ಷೌರ ಎಲ್ಲವನ್ನೂ ಅದರಲ್ಲೇ ಮುಗಿಸತೊಡಗಿದ. ಕರಿಬಸವರಾಜ ಮಾತ್ರ ಒಂದು ಸಲ ಕೇಳಿದ್ದ:

"ಅಲ್ಲಲೇ, ಇವನ್ನೆಲ್ಲ ಒಂದಿನ ವಾಪಸ್ ತಂದು ಸುರುವಿದ್ರೆ ಏನ್ ಮಾಡ್ತೀಯ?"

"ಎಲ್ಲರೂ ಒಂದೇ ದಿನ ಯಾಕ ಬರ್ತಾರೋ? ಬ್ಯಾಂಕು ನಡೆಯೋದು ಹೆಂಗೆ ಅನ್ಕಂಡಿ?"

ಎಲ್ಲರೂ ಒಂದೇ ದಿನ ಬಂದರು. ಅದೂ ವಾಣಿಯ ಅಪ್ಪ ಬರುವ ದಿನ.

ವಾಣಿ ಹರಿಹರದವಳು, ಎಂ.ಎ.ಯಲ್ಲಿ ಅವನ ಜೊತೆಗೆ ಓದಿದವಳು. ಅಂಗಡಿ ತೆರೆದ ವಾರ ಬಂದು, ವಿಮಾನದ ಆಟಕ್ಕೆ ಒಂದೇ ರೂಪಾಯಿ ಹಾಕಿ, ಹಿಂದೆ ನಿಂತ ಹುಡುಗರು ಬೈದು ಬೇಸತ್ತು ಮನೆಗೆ ಹೋಗುವವರೆಗೂ ಆಡಿದ್ದಳು. ಅಂಗಡಿಗೆ ಅಂದು ಆದ ನಷ್ಟವನ್ನು ನೋಡುತ್ತ ನೋಡುತ್ತಲೇ ಕೊಟ್ಟೂರೇಶ ಅವಳನ್ನು ಮದುವೆಯಾಗಲು ನಿರ್ಧರಿಸಿದ್ದ. ಅವಳೂ ಒಪ್ಪಿದ್ದಳು. ಒಪ್ಪಬೇಕಾದವರು ಅವಳಪ್ಪ ಪಂಚಾಕ್ಷರಪ್ಪ. ಹರಿಹರದಲ್ಲಿ ಈರುಳ್ಳಿ ಮಂಡಿ ಇಟ್ಟವರು. ಅಗ್ಗವಿದ್ದಾಗ ಗೋದಾಮಿಗೆ ತುಂಬಿ, ಜನ ಅಳತೊಡಗಿದಾಗ ಬಾಗಿಲು ತೆಗೆಯುವವರು. ಅವರು ಹೇಳಿ ಕಳಿಸಿದ್ದು ಇಷ್ಟೆ:

"ಹುಡುಗನ ಓದು ನನಗೆ ಬ್ಯಾಡ. ಭಾನುವಾರ ಬಂದು ಅಂಗಡಿ ಮುಂದೆ ನಿಲ್ತೀನಿ. ಗಿರಾಕಿ ಇದ್ರೆ ಮಾತು, ಇಲ್ಲಾಂದ್ರೆ ಮುಂದಿನ ಬಸ್ಸು."

ಭಾನುವಾರ ಬೆಳಿಗ್ಗೆ ಕೊಟ್ಟೂರೇಶ ಅಂಗಡಿ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದಾಗ ಶಕುಂತಲಮ್ಮ ಮಹಡಿಯಿಂದ ಬಗ್ಗಿದರು.

"ಏನಪಾ ಕೊಟ್ರೇಶಿ, ತೋರಣ ಜೋರೈತೆ?"

"ಹರಿಹರದ ಸಾವ್ಕಾರ್ರು ಅಂಗಡಿ ನೋಡಾಕ ಬರ್ತಾರ್ರಿ."

ಹೆಣ್ಣಿನ ವಿಷಯ ಹೇಳಲು ಅವನಿಗೆ ನಾಚಿಕೆಯಾಯಿತು. ಆ ನಾಚಿಕೆಯೇ ಮುಳುವಾಯಿತು. ಶಕುಂತಲಮ್ಮನ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಜರಡಿಯಲ್ಲಿ ನೀರು ನಿಂತಷ್ಟೇ ಹೊತ್ತು. ಹೂವಿನವಳಿಗೆ ಹೇಳುವಾಗ ಸಾವ್ಕಾರ್ರು ಅಂಗಡಿ ಕೊಳ್ಳುವವರಾದರು. ಮಾಲತೇಶಪ್ಪನ ಬೆಂಚಿಗೆ ಮುಟ್ಟುವಾಗ ಮಷೀನುಗಳನ್ನು ಲಾರಿಯಲ್ಲಿ ಹರಿಹರಕ್ಕೆ ಒಯ್ಯುವುದೂ ಗೊತ್ತಾಯಿತು. ಚೌಡವ್ವನ ಗಾಡಿಯ ಹತ್ತಿರ ಬಂದಾಗ ಲಾರಿ ಅರ್ಧ ದಾರಿಗೆ ಬಂದಿತ್ತು.

ಅವಳು ಮೆಣಸಿನಕಾಯಿ ಬಾಣಲೆಯನ್ನು ಒಲೆಯಿಂದ ಇಳಿಸಿ ಸೀದಾ ಬಂದಳು. ಸೀರೆಯ ಗಂಟು ಬಿಚ್ಚಿ ಬಿಲ್ಲೆಗಳನ್ನು ಮೇಜಿನ ಮೇಲೆ ಸುರುವಿದಳು.

"ಇವನ್ನ ತಗಂಡು ನೋಟು ಕೊಡು, ತಮ್ಮಾ."

"ಯಾಕ ಚೌಡವ್ವ? ಏನಾತು?"

"ಏನಾತೋ ಎಂತೋ. ನನಗೆ ನೋಟು ಬೇಕು. ನೀನು ಲಾರಿ ಹತ್ತಿದ ಮ್ಯಾಲೆ ಇವನ್ನೇನು ಮಂಡಕ್ಕಿಗೆ ಕಲಸ್ಲಾ?"

ಅವಳ ಹಿಂದೆ ಮಾಲತೇಶಪ್ಪ ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದ. ಡಬ್ಬಿಯೊಳಗೆ ಬಿಸ್ಕತ್ತು ಇರಲಿಲ್ಲ. ಅವನ ಹಿಂದೆ ಹಾಲಿನವನು, ಕ್ಷೌರದವನು, ಇಬ್ಬರು ಆಟೋದವರು. ಅವರ ಹಿಂದೆ ಕೊಟ್ಟೂರೇಶ ಜನ್ಮದಲ್ಲಿ ಮುಖ ನೋಡದ ಜನ. ಹಿಂದಿನ ವರ್ಷ ಪೂರ್ವದ ದೇಶಗಳಲ್ಲಿ ಜನ ಬ್ಯಾಂಕುಗಳ ಮುಂದೆ ಹೀಗೇ ನಿಂತದ್ದನ್ನು ಅವನು ಪೇಪರಿನಲ್ಲಿ ಓದಿ, ಚಾ ಕುಡಿಯುತ್ತ ಮಾಲತೇಶಪ್ಪನಿಗೆ ಕಾರಣ ವಿವರಿಸಿದ್ದ. ಈಗ ಥಾಯ್ಲೆಂಡು ನಡೆದುಕೊಂಡು ಪಿ.ಜೆ. ಬಡಾವಣೆಗೇ ಬಂದಿತ್ತು. ಮಾಲತೇಶಪ್ಪನಿಗೆ ಪಾಠ ಚೆನ್ನಾಗಿ ನೆನಪಿತ್ತು.

"ನೀವೇ ಹೇಳಿದ್ರಲ್ಲ ಕೊಟ್ರೇಶಣ್ಣ, ಮೊದ್ಲು ಓಡಿದೋನು ಉಳ್ಕಂತಾನೆ ಅಂತ. ನಾನು ಎರಡ್ನೇಯವ. ಚೌಡವ್ವ ನನಗಿಂತ ಜೋರು ಓಡಿದ್ಲು."

ಗಲ್ಲಾದಲ್ಲಿ ಎರಡು ನೋಟಿದ್ದವು. ಅವುಗಳಲ್ಲೊಂದು ಹರಿದಿತ್ತು. ಆದರೆ ಪುಸ್ತಕ ಕೈಬಿಡಲಿಲ್ಲ: ರೊಕ್ಕಕ್ಕಾಗಿ ಜನರ ಓಟ ಶುರುವಾದಾಗ ಬಾಗಿಲು ಹಾಕಬೇಡ, ಇನ್ನಷ್ಟು ಅಗಲ ತೆಗೆ. ಕೊಟ್ಟೂರೇಶ ಸ್ಟೂಲು ಹತ್ತಿದ.

"ನೋಡ್ರಿ, ಬಿಲ್ಲೆ ಮೇಲೆ ಏನು ಮಾತಾಗೈತೆ? ಒಂದಕ್ಕೆ ಒಂದು ಆಟ. ಆ ಮಾತು ತಪ್ಪಲ್ಲ. ಎಲ್ಲರೂ ಬರ್ರಿ, ಕೂಡ್ರಿ, ಆಡ್ರಿ!"

ಜನ ಹೋಗುತ್ತಾರೆ ಎಂದುಕೊಂಡಿದ್ದ. ಜನ ಕೂತರು. ಸುಮ್ಮನೆ ಕಳೆಯುವುದಕ್ಕಿಂತ ಆಡಿ ಕಳೆಯುವುದು ವಾಸಿ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿತು. ಮಾಲತೇಶಪ್ಪ ಕಾರ್ ರೇಸಿಗೆ ಕೂತು, ತಿರುವು ಬಂದಲ್ಲೆಲ್ಲ ಬಲಗೈ ಹೊರಗೆ ಚಾಚಿ ಸಿಗ್ನಲ್ ಕೊಟ್ಟ. ಹಿಂದಿನಿಂದ ಬಂದ ಗಾಡಿಗಳಿಗೆಲ್ಲ ಎಡಕ್ಕೆ ಸರಿದು ದಾರಿ ಬಿಟ್ಟ. ಚೌಡವ್ವನಿಗೆ ಹೊಡೆದಾಟದ ಮಷೀನು ಸಿಕ್ಕಿತು. ತೆರೆಯ ಮೇಲೆ ಒಬ್ಬ ದಾಂಡಿಗ, ಎದುರಿಗೆ ಜಡೆ ಕಟ್ಟಿದ ಒಬ್ಬ ಹುಡುಗಿ.

"ಎಲಾ, ಹೆಣ್ಣುಮಗಳ ಮೈ ಮುಟ್ತಾನಲ್ಲೋ ಇವ! ನೀವೆಲ್ಲ ನೋಡ್ತಾ ನಿಂತೀರಲ್ಲ! ಏಳವ್ವ ತಾಯಿ, ಒದಿ ಅವನ್ನ!"

ಹಿಡಿಕೆಯನ್ನು ಒಂದು ಕೈಯಿಂದ ಅಲ್ಲಾಡಿಸಿ ಸಾಲದೆ, ಕೊನೆಗೆ ಬೇರು ಸಮೇತ ಕೀಳುವವಳಂತೆ ಎರಡೂ ಕೈ ಹಾಕಿ ಜಗ್ಗಿದಳು. ಹಿಡಿಕೆ ಬುಡ ಸಮೇತ ಕೈಗೆ ಬಂತು.

"ಇದೇನು ಉಳ್ಳಾಗಡ್ಡಿ ಕಿತ್ತಂಗೆ ಬಂತಲ್ಲೋ," ಎಂದು ಅದನ್ನು ಮೇಜಿನ ಮೇಲಿಟ್ಟು ಪಕ್ಕದ ಮಷೀನಿನ ಸರದಿಗೆ ನಿಂತಳು.

ಮಧ್ಯಾಹ್ನವಾದರೂ ಸರದಿ ಕರಗಲಿಲ್ಲ. ಹರಿಹರದ ಬಸ್ಸು ಬರುವ ಹೊತ್ತಾಯಿತು. ಗಿರಾಕಿ ತುಂಬಿದ್ದಾರೆ ಸರಿ, ಆದರೆ ಗಲ್ಲಾಕ್ಕೆ ಒಂದು ರೂಪಾಯಿ ಬಿದ್ದಿಲ್ಲ. ಮೇಲಾಗಿ ಎಲ್ಲರೂ ಅವನನ್ನೇ ಬೈಯುತ್ತಿದ್ದಾರೆ. ಭಾವಿ ಮಾವ ಬರುವುದರೊಳಗೆ ಬಿಲ್ಲೆ ತೀರಬೇಕು. ಕೊಟ್ಟೂರೇಶ ಮತ್ತೆ ಸ್ಟೂಲು ಹತ್ತಿದ.

"ಈಗಿಂದ ಆಟಕ್ಕೆ ಎರಡು ಬಿಲ್ಲೆ!"

ಸರದಿಯೆಲ್ಲ ಸ್ಟೂಲಿನ ಕಡೆ ತಿರುಗಿತು.

"ನಿನ್ನೆ ಒಂದು, ಇವತ್ತು ಎರಡಾ?" ಚೌಡವ್ವ ಸೊಂಟಕ್ಕೆ ಕೈಯಿಟ್ಟಳು. "ಉಳ್ಳಾಗಡ್ಡಿ ಮಂಡಿಯವರು ನಿನ್ನ ಮನಿಗೆ ಬಂದು ಕಲಿಬೇಕು!"

"ದುಪ್ಪಟ್ಟು ಮಾಡ್ಯಾನಂತೆ!" ಎಂಬ ಕೂಗು ಬಾಗಿಲಿನಿಂದ ಬೀದಿಗೆ ಹರಿಯಿತು. ಬೀದಿಯವರು ಒಳಗೆ ನುಗ್ಗಿದರು. ಅದೇ ಹೊತ್ತಿಗೆ ಮಹಡಿಯ ಮೇಲೆ ಶಕುಂತಲಮ್ಮ, ಬರುವ ಸಾವ್ಕಾರರಿಗೆ ತಿಂಡಿ ಇರಲಿ ಎಂದು ಉಪಕಾರ ಬುದ್ಧಿಯಿಂದ ಮಿಕ್ಸಿಯನ್ನೂ ಕರೆಂಟ್ ಒಲೆಯನ್ನೂ ಒಟ್ಟಿಗೆ ಹಾಕಿದರು. ಮೇಲೂ ಕೆಳಗೂ ಮೀಟರು ಒಂದೇ. ಟಪ್ಪೆಂದು ಫ್ಯೂಸು ಹಾರಿತು. ನಾಲ್ಕೂ ಮಷೀನು ಕಣ್ಣು ಮುಚ್ಚಿದವು.

"ಯಾರೂ ಗಾಬರಿಯಾಗಬ್ಯಾಡ್ರಿ, ಹೊರಗೆ ನಿಲ್ರಿ," ಎಂದು ಎಲ್ಲರನ್ನೂ ಬೀದಿಗೆ ದಬ್ಬಿ, ಕೊಟ್ಟೂರೇಶ ಮಷೀನುಗಳ ಹಿಂದೆ ತೂರಿ, ಕತ್ತಲಲ್ಲಿ ಫ್ಯೂಸ್ ತಂತಿ ಸುತ್ತತೊಡಗಿದ. ಮೊದಲನೆಯದು ಹಾಕಿದ ಕೂಡಲೇ ಸುಟ್ಟಿತು. ಮೇಲೆ ಮಿಕ್ಸಿಯ ಸ್ವಿಚ್ಚು ಇನ್ನೂ ಆರಿಸಿರಲಿಲ್ಲ. ಎರಡನೆಯದನ್ನು ಸುತ್ತುವಾಗ ಹೊರಗಿನ ಗದ್ದಲ ಇಳಿಯತೊಡಗಿತು. ಮೊದಲು ಚೌಡವ್ವನ ದನಿ ನಿಂತಿತು. ಆಮೇಲೆ ಆಟೋಗಳು ಶುರುವಾಗಿ ಹೋದವು. ಕೊನೆಗೆ ಗುಬ್ಬಿ ಕೂಗುವುದೂ ಕೇಳಿಸಿತು.

ಅವನ ಎದೆ ಹಗುರಾಯಿತು. ಪುಸ್ತಕ ಸುಳ್ಳಲ್ಲ. ಧೈರ್ಯವಾಗಿ ನಿಂತವನ ಮುಂದೆ ಜನರ ಹೆದರಿಕೆ ತಾನೇ ಇಳಿಯುತ್ತದೆ. ಮೈಯೆಲ್ಲ ಜೇಡರ ಬಲೆ ಹೊತ್ತು ಅವನು ಹೊರಗೆ ಬಂದ.

ಬೀದಿ ಖಾಲಿಯಾಗಿತ್ತು. ಜಗಲಿಯ ಮೇಲೆ ಬಿಳಿ ಪಂಚೆಯ ಪಂಚಾಕ್ಷರಪ್ಪ ಕೂತಿದ್ದರು. ಪಕ್ಕದಲ್ಲಿ ವಾಣಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುವೋ ಅಳುವೋ ತಿಳಿಯುವಂತಿರಲಿಲ್ಲ.

"ಶರಣ್ರಿ ಸಾವ್ಕಾರ್ರೆ. ಬಂದು ಭಾಳ ಹೊತ್ತಾತೇನ್ರಿ?"

"ಆಗ್ಲೇ ಬಂದ್ವಿ. ಕೂಡಪಾ." ಅವರ ಮುಖ ಸಂತೆ ಗೆದ್ದವರದಾಗಿತ್ತು. "ಗಿರಾಕಿ ಅಂದ್ರೆ ಇದು ನೋಡು! ಕರೆಂಟಿಲ್ಲ, ಅಂದ್ರೂ ಜನ ಬಿಸಿಲಾಗೆ ನಿಂತಿದ್ರು. ನನ್ನ ಮಂಡಿ ಮುಂದೂ ಹಿಂಗೆ ನಿಂತಿದ್ದಿಲ್ಲ. ನನಗೆ ಹುಡುಗ ಒಪ್ಪಿಗೆ."

ಕೊಟ್ಟೂರೇಶ ಖಾಲಿ ಬೀದಿಯ ಕಡೆ ಕೈ ತೋರಿಸಿದ.

"ಮತ್ತೆ ಅವರೆಲ್ಲ... ಎಲ್ಲಿ ಹೋದ್ರು?"

"ಕಳಿಸಿದೆ." ಪಂಚಾಕ್ಷರಪ್ಪ ದನಿ ತಗ್ಗಿಸಿದರು. "ಜನ ಈ ಹಿತ್ತಾಳೆ ಬಿಲ್ಲೆಗೆ ಬಡಿದಾಡಾಕ ಹತ್ತಿದ್ರು. ಕೇಳಿದೆ. ನಿನ್ನೆಗಿಂತ ಇವತ್ತು ದುಪ್ಪಟ್ಟಾಗೈತೆ ಅಂದ್ರು. ರಾತ್ರಿ ಬೆಳಗಾಗೋದ್ರೊಳಗೆ ದುಪ್ಪಟ್ಟಾಗೋ ಸರಕನ್ನ ನಾನು ಯಾವತ್ತೂ ಬಿಟ್ಟವನಲ್ಲ. ಎಂಟು ಬಿಲ್ಲೆಗೆ ಹತ್ತರ ನೋಟು ಒಂದು ಅಂದೆ. ಪಾಪ, ಬುದ್ಧಿಯಿಲ್ಲದ ಮಂದಿ, ಎಲ್ಲಾ ಕೊಟ್ಟು ಹೋದ್ರು. ಆ ಮಂಡಕ್ಕಿ ಹೆಣ್ಣುಮಗಳಂತೂ ನನ್ನ ಕಾಲಿಗೆ ಬಿದ್ಲು."

ಅವರು ತಮ್ಮ ಟವೆಲ್ಲನ್ನು ತೋರಿಸಿದರು. ಹೆಗಲ ಮೇಲೆ ಅದು ಇರಲಿಲ್ಲ. ಜಗಲಿಯ ಮೇಲೆ ದೊಡ್ಡ ಗಂಟಾಗಿ ಕೂತಿತ್ತು. ಬಿಚ್ಚಿದರು. ಬೀದಿಯಲ್ಲಿ ಉಳಿದಿದ್ದ ಅಷ್ಟೂ ಬಿಲ್ಲೆ ಬಿಸಿಲಿಗೆ ಫಳಫಳ ಹೊಳೆಯಿತು.

"ನಾಳೆ ಮೂರಾಗ್ತೈತೆ. ನಾಡಿದ್ದು ನಾಲ್ಕು. ಆಗ ಬಿಡ್ತೀನಿ."

ಕೊಟ್ಟೂರೇಶ ವಾಣಿಯ ಮುಖ ನೋಡಿದ. ಅವಳಿಗೆ ಎಲ್ಲ ಅರ್ಥವಾಗಿತ್ತು. ಅವಳ ಭುಜ ಕುಣಿಯುತ್ತಿದ್ದುದು ನಗುವಿಗೇ. ಸುಳ್ಳು ಹೇಳಬಹುದಿತ್ತು. ಆದರೆ ಹೆಣ್ಣು ಕೊಡುವವರಿಗೆ ಕೊಳೆತ ಸರಕು ಕಟ್ಟುವುದು ಹೇಗೆ? ಅವನು ಕೂತು ನಿಧಾನವಾಗಿ ಹೇಳಿದ: ದುಪ್ಪಟ್ಟಾದದ್ದು ಬಿಲ್ಲೆಯ ಬೆಲೆಯಲ್ಲ, ಆಟದ ಬೆಲೆ. ಆಟ ತುಟ್ಟಿಯಾದರೆ ಬಿಲ್ಲೆ ಅಗ್ಗವಾದಂತೆ. ಜನ ಬಡಿದಾಡುತ್ತಿದ್ದುದು ಕೊಳ್ಳಲು ಅಲ್ಲ, ಕಳೆದುಕೊಳ್ಳಲು. ಇದನ್ನು ತಗೊಂಡು ರೊಕ್ಕ ಕೊಡಬೇಕಾದವನು ಒಬ್ಬನೇ. ಅವನು ಇಲ್ಲಿ ಕೂತಿದ್ದಾನೆ. ಅವನ ಹತ್ತಿರ ಇಲ್ಲ.

ಪಂಚಾಕ್ಷರಪ್ಪ ಗಂಟಿಗೆ ಕೈ ಹಾಕಿದರು. ಒಂದು ಬಿಲ್ಲೆ ಎತ್ತಿ ಮೂಸಿದರು, ರೂಢಿ.

"ಕೊಳೆಯೋ ಸರಕಲ್ಲ, ಅಷ್ಟು ಪುಣ್ಯ," ಎಂದರು. "ಖರೆ ಹೇಳಿದಿ. ಮಂಡಿಯಾಗೆ ಯಾರೂ ಹೇಳಲ್ಲ. ಒಪ್ಪಿಗೆ ಕೊಟ್ಟದ್ದನ್ನ ಹಿಂದಕ್ಕೆ ತಗೊಳ್ಳಲ್ಲ. ಆದ್ರೆ ನನ್ನ ಸರಕು ಹಂಗೇ ಬಿದ್ದಿರಬಾರ್ದು. ಇದು ಕೊನಿ ಬಿಲ್ಲೆ ತನಕ ತೀರ್ಲಿ. ತೀರಿದ ಮರುದಿನ ಲಗ್ನದ ದಿನ ನೋಡಾನ."

"ಅಪ್ಪಾಜಿ," ಎಂದಳು ವಾಣಿ, "ಇದನ್ನ ಆಡಿ ತೀರಿಸಬೋದು. ಭಾನುವಾರ ಭಾನುವಾರ ನಾನೇ ಬಂದು ಆಡ್ತೀನಿ."

"ನಾನೂ ಬರ್ತೀನಿ," ಎಂದರು ಪಂಚಾಕ್ಷರಪ್ಪ. ಸರಕನ್ನೂ ಮಗಳನ್ನೂ ಒಂಟಿಯಾಗಿ ಬಿಡುವವರಲ್ಲ ಅವರು.

ಕೊಟ್ಟೂರೇಶನ ತಲೆ ಮತ್ತೆ ಓಡಿತು. "ಹಂಗಾದ್ರೆ ಆಟಕ್ಕೆ ನಾಲ್ಕು ಬಿಲ್ಲೆ ಮಾಡ್ತೀನ್ರಿ. ದೀಪಾವಳಿಯೊಳಗೆ ತೀರ್ತೈತೆ."

"ಏ, ಏ! ನನ್ನ ಸರಕಿನ ಬೆಲೆ ನನ್ನ ಮುಂದೇ ಇಳಿಸ್ತೀಯಾ? ಒಂದಕ್ಕೆ ಒಂದು ಆಟ. ಮಾತು ಅಂದ್ರೆ ಮಾತು."

ಮೇಲೆ ಮಿಕ್ಸಿಯ ಸ್ವಿಚ್ಚು ಕೊನೆಗೂ ಆರಿಸಿದ್ದರು. ಫ್ಯೂಸು ಹಿಡಿಯಿತು. ಶಕುಂತಲಮ್ಮ ಈರುಳ್ಳಿಯಿಲ್ಲದ ಉಪ್ಪಿಟ್ಟು ತಂದು, ಈರುಳ್ಳಿಯಿಲ್ಲದ್ದಕ್ಕೆ ಪಂಚಾಕ್ಷರಪ್ಪನವರ ಮುಖವನ್ನೇ ನೋಡುತ್ತ ಬಡಿಸಿದರು. ವಾಣಿ ಗಂಟಿನಿಂದ ಒಂದು ಬಿಲ್ಲೆ ಆರಿಸಿ ವಿಮಾನದ ಮಷೀನಿಗೆ ಹಾಕಿದಳು.

ಉಪ್ಪಿಟ್ಟು ಮುಗಿಯಿತು. ಚಾ ಬಂತು. ಮಾಲತೇಶಪ್ಪ ಈಗ ನೋಟಿಗೇ ಚಾ ಕೊಟ್ಟ. ವಾಣಿಯ ವಿಮಾನ ಮೊದಲ ಹಂತ ದಾಟಿತು, ನಾಲ್ಕನೆಯದನ್ನು ದಾಟಿತು; ತೆರೆ ಕೆಂಪಾಗಿ ನೀಲಿಯಾಗಿ ಮತ್ತೆ ಮೊದಲಿನಿಂದ ಶುರುವಾಯಿತು. ಬೀದಿ ದೀಪ ಹತ್ತಿತು. ಕೊಟ್ಟೂರೇಶ ಅವಳ ಹಿಂದೆ ಬಗ್ಗಿ ಪಿಸುಗುಟ್ಟಿದ.

"ಸೋತು ಬಿಡೇ ಮಾರಾಯ್ತಿ. ನಮ್ಮ ಲಗ್ನ ಇದರಾಗೆ ಐತೆ."

"ಪ್ರಯತ್ನ ಮಾಡ್ತೀನಿ," ಎಂದಳು ಅವಳು ಕಣ್ಣು ಕೀಳದೆ. "ಆದ್ರೆ ಬಾಂಬು ಬಂದಾಗ ಕೈ ಸುಮ್ನಿರಲ್ಲ ಕೊಟ್ರೇಶ್. ಮತ್ತೆ ಅಪ್ಪಾಜಿ ನೋಡ್ತಾ ಕೂತಾರೆ."

ಪಂಚಾಕ್ಷರಪ್ಪ ಸ್ಟೂಲಿನ ಮೇಲೆ ಕೂತು, ಮೊಣಕಾಲು ಕುಟ್ಟಿಕೊಂಡು ನಗುತ್ತಿದ್ದರು.

"ಒಂದು ಬಿಲ್ಲೆಗೆ ಇಷ್ಟು ಬರಕತ್ತಾ! ಹೊಡಿ ಮಗಳೇ, ಹೊಡಿ! ಸರಕು ಅಂದ್ರೆ ಇದು!"

ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ಅವರು ಏಳುವಾಗಲೂ ವಿಮಾನ ಹಾರುತ್ತಲೇ ಇತ್ತು. ಕೊಟ್ಟೂರೇಶನೇ ಸ್ವಿಚ್ಚು ಆರಿಸಬೇಕಾಯಿತು. ಬಸ್ಸಿನ ಕಿಟಕಿಯಿಂದ ವಾಣಿ ಕೈಬೀಸಿ, "ಮುಂದಿನ ಭಾನುವಾರ!" ಎಂದು ಕೂಗಿದಳು. ಅವನೂ ಕೈಬೀಸಿ, ಅಂಗಡಿಗೆ ಮರಳಿ, ಬಾಗಿಲ ಬಾಡಿದ ತೋರಣ ಬಿಚ್ಚಿ, ಲೆಕ್ಕ ಹಾಕಿದ.

ಆ ದಿನ ಹೋದದ್ದು: ಹಿಡಿಕೆ ಒಂದು, ಫ್ಯೂಸು ಎರಡು, ಗಂಟಿನ ಬಿಲ್ಲೆ ಒಂದು.