ಫೋಟೋಗಳು ತಾವೇ ಹೋಗಿ ಕೂಡುತ್ತವೆ ಎಂದರು

ಇಂಥ ಪ್ರಸಂಗ ನಮ್ಮ ಅಂಗಡಿಯಲ್ಲಿ ವಾರಕ್ಕೊಂದಾದರೂ ಆಗುತ್ತದೆ. ಆಗದ ವಾರ ಕರೆಂಟ್ ಇರುವುದಿಲ್ಲ.

ಚಿಕ್ಕೋಡಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಬ್ಯಾನರ್ ಮತ್ತು ಗುರುತಿನ ಚೀಟಿ ತಯಾರಿಸುತ್ತೇನೆ. ನನಗೆ ಬರೆದು ರೂಢಿಯಿಲ್ಲ, ಹಾಗಾಗಿ ಮೊದಲೇ ವಿವರಿಸಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುವಾಗ ಒಂದೊಂದು ಫೋಟೋಕ್ಕೂ ಒಂದೊಂದು ಲೇಯರ್ ಇರುತ್ತದೆ. ಲೇಯರ್ ಅಂದರೆ ಪದರ. ಮೊದಲು ಇವನ್ನೆಲ್ಲ ಕೈಯಿಂದಲೇ ಜೋಡಿಸುತ್ತಿದ್ದೆವು. ಆಮೇಲೆ ಮಾಲಕರು ಕೊಲ್ಹಾಪುರದವರೊಬ್ಬರಿಂದ ಒಂದು ಸಣ್ಣ ಪ್ರೋಗ್ರಾಂ ಹಾಕಿಸಿದರು. ಫೋಟೋಗಳನ್ನು ಒಂದು ಫೋಲ್ಡರಿಗೆ ಹಾಕಿ ಬಟನ್ ಒತ್ತಿದರೆ, ಪ್ರತಿ ಫೋಟೋ ತಾನೇ ಹೋಗಿ ಚೌಕಟ್ಟಿನಲ್ಲಿ ಕೂಡುತ್ತದೆ. ಕೂಡುತ್ತದೆ, ನಿಜ. ಯಾರ ಚೌಕಟ್ಟಿನಲ್ಲಿ ಎಂಬುದನ್ನು ಮಾತ್ರ ಅದು ನಮಗೆ ಹೇಳುವುದಿಲ್ಲ.

ಎಂಟು ವರ್ಷ ಲ್ಯಾಮಿನೇಶನ್ ಮಷಿನ್ ಮುಂದೆ ಬೆರಳು ಸುಟ್ಟುಕೊಂಡ ಮೇಲೆ ನನಗೆ ಈ ಕಂಪ್ಯೂಟರಿನ ಕುರ್ಚಿ ಸಿಕ್ಕಿದ್ದು. ಕೂತ ದಿನವೇ ಮಾಲಕರು ಹೇಳಿದ್ದರು, “ಎರಡ ತಪ್ಪ ತಡಕೋತೀನಿ. ಮೂರನೇದಕ್ಕ ಹೊಳ್ಳಿ ಲ್ಯಾಮಿನೇಶನ್.” ಆ ಮೂರರ ಕಥೆ ಇದು.

ಎಂಟನೇ ನಂಬರು

ಅಲಖನೂರ ಕಡೆಯ ಒಂದು ಶಾಲೆಗೆ ಗುರುತಿನ ಚೀಟಿ ಮಾಡಬೇಕಿತ್ತು. ಒಂದೇ ತರಗತಿ, ನಲವತ್ತು ಮಕ್ಕಳು. ಫೋಟೋ ತೆಗೆದ ದಿನ ಎಂಟನೇ ನಂಬರಿನ ಹುಡುಗಿಗೆ ಜ್ವರ. ನಾವಾಗಿದ್ದರೆ ಅವಳ ಜಾಗ ಖಾಲಿ ಬಿಡುತ್ತಿದ್ದೆವು. ಪ್ರೋಗ್ರಾಂ ಬಿಡಲಿಲ್ಲ. ಒಂಬತ್ತನೆಯವನನ್ನು ಎಳೆದು ಎಂಟರಲ್ಲಿ ಕೂಡಿಸಿತು, ಹತ್ತನೆಯವನನ್ನು ಒಂಬತ್ತರಲ್ಲಿ, ಹೀಗೆ ಕೊನೆಯವರೆಗೆ. ನಾನು ಮೊದಲಿನ ಐದು ಚೀಟಿ ನೋಡಿ, ಎಲ್ಲ ಸರಿ ಇವೆ ಎಂದು ಕಳಿಸಿಬಿಟ್ಟೆ.

ಅಲ್ಲಿಯ ಮಾಸ್ತರರು ಫೋನ್ ಮಾಡಿದರು. “ಅಕ್ಕಾರ, ಏಳರ ತನಕ ಎಲ್ಲಾರೂ ಅವರವರ ಅದಾರ್ರಿ. ಎಂಟರಿಂದ ಒಬ್ಬೊಬ್ರೂ ಮುಂದಿನ ನಂಬರಿನವರ ಮುಖ ಹಾಕ್ಕೊಂಡ ಕುಂತಾರ.”

“ಹೊಸಾವ ಮಾಡಿ ಕೊಡ್ತೀನ್ರಿ ಸರ್, ಎರಡ ದಿನ ಕೊಡ್ರಿ.”

“ನಾಳೆ ಸಾಹೇಬ್ರು ತಪಾಸಣಿಗೆ ಬರಾಕತ್ತಾರ. ಚೀಟಿ ಹಂಗ ಇರ್ಲಿ, ಹುಡುಗೂರ ನಂಬರ್ ನಾನ ಬದಲಿ ಮಾಡಿಬಿಡ್ತೀನಿ.”

“ನಂಬರ್ ಸರಿ ಆಗತೈತ್ರಿ. ಚೀಟ್ಯಾಗ ಅಪ್ಪನ ಹೆಸರೂ ಐತಲ್ರಿ.”

“ಅಪ್ಪನ್ನ ಬದಲಿ ಮಾಡೂ ಅಧಿಕಾರ ನನಗಿಲ್ರಿ.”

ಎರಡಕ್ಕಿಂತ ಮೊದಲು ಹತ್ತು

ಭೋಜದ ಒಂದು ತರುಣ ಮಂಡಳದ ಅಧ್ಯಕ್ಷರ ಹುಟ್ಟುಹಬ್ಬ. ಬ್ಯಾನರಿನಲ್ಲಿ ಹನ್ನೆರಡು ಮುಖ. ನಮ್ಮ ಕಡೆ ಅಧ್ಯಕ್ಷರ ಪಕ್ಕದಲ್ಲಿ ಯಾರ ಮುಖ ಎಂಬುದು ಸಣ್ಣ ವಿಷಯವಲ್ಲ. ಅದಕ್ಕೇ ಫೋಟೋಗಳಿಗೆ ಒಂದರಿಂದ ಹನ್ನೆರಡರವರೆಗೆ ನಂಬರ್ ಕೊಟ್ಟು ಬಟನ್ ಒತ್ತಿದೆ. ಈ ಪ್ರೋಗ್ರಾಂ ಅಂಕಿಗಳನ್ನು ಅಕ್ಷರಗಳ ಹಾಗೆ ಓದುತ್ತದೆ. ಒಂದರಿಂದ ಶುರುವಾಗುವವೆಲ್ಲ ಮೊದಲು, ಅಂದರೆ ಒಂದು, ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು. ಇದು ನನಗೆ ಬ್ಯಾನರ್ ಕಟ್ಟಿದ ಮೇಲೆ ಗೊತ್ತಾಯಿತು.

ಎರಡನೇ ನಂಬರಿನವರು ಮಂಡಳದ ಉಪಾಧ್ಯಕ್ಷರು. ಅಂಗಡಿಗೆ ಬಂದು ಮೊಬೈಲಿನಲ್ಲಿದ್ದ ಬ್ಯಾನರಿನ ಫೋಟೋ ನನ್ನ ಮುಂದೆ ಹಿಡಿದರು. “ಅಕ್ಕಾರ, ಇದರಾಗ ನಾ ಎಲ್ಲಿ ಅದೀನಿ, ನೀವ ಹುಡುಕಿ ಕೊಡ್ರಿ.”

ಕೆಳಗಿನ ಸಾಲಿನಲ್ಲಿ ಬೆರಳಿಟ್ಟು ತೋರಿಸಿದೆ. ನನ್ನ ಬೆರಳಿಗೇ ಅವರು ಮುಚ್ಚಿಹೋದರು.

ಕೊಲ್ಹಾಪುರದವರಿಗೆ ಫೋನ್ ಮಾಡಿದೆ. ಅವರದು ಯಾವಾಗಲೂ ಒಂದೇ ಔಷಧ: “ತಾಈ, ಬಂದ್ ಕರೂನ್ ಚಾಲೂ ಕರಾ.” ಅಂದರೆ, ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಎಂದು. ಮಾಡಿದೆ. ಹತ್ತು ಮತ್ತೆ ಎರಡರ ಮುಂದೆಯೇ ಬಂದು ಕೂತಿತು. ಕೊನೆಗೆ ಒಂದರ ಎಡಕ್ಕೆ, ಎರಡರ ಎಡಕ್ಕೆ, ಹೀಗೆ ಒಂಬತ್ತರವರೆಗೂ ಒಂದೊಂದು ಸೊನ್ನೆ ಹಚ್ಚಿದ ಮೇಲೆ ಎಲ್ಲರೂ ಅವರವರ ಜಾಗಕ್ಕೆ ಹೋದರು.

ಹೊಸ ಬ್ಯಾನರ್ ಪ್ರಿಂಟ್ ಆಗುತ್ತಿದ್ದಾಗ ಹತ್ತನೇ ನಂಬರಿನವರು ಪೇಢೆಯ ಡಬ್ಬಿ ಹಿಡಿದು ಬಂದರು. ಮಂಡಳದ ಪೆಂಡಾಲ್ ಕಟ್ಟುವವರು. “ಇಷ್ಟ ವರ್ಷ ಪೆಂಡಾಲ್ ಕಟ್ಟೀನಿ, ಒಬ್ರೂ ಮಾತಾಡ್ಸಿದ್ದಿಲ್ರಿ. ಇವತ್ತ ಮಂದಿ ನಿಂತು ನಮಸ್ಕಾರ ಮಾಡಾಕತ್ತಾರ. ಹಳೇ ಬ್ಯಾನರ್ ನಾಡಿದ್ದಿನ ತನಕ ಇಳಿಸಬ್ಯಾಡ್ರಿ ಅಕ್ಕಾರ. ನಿಪ್ಪಾಣಿಯಿಂದ ನಮ್ಮ ಅತ್ತಿ ಮಾವ ಬರಾವ್ರ ಅದಾರ.”

ಪೇಢೆ ತಿನ್ನುತ್ತಲೇ ಮಾಲಕರು ನನಗೆ ಎರಡು ಬೆರಳು ತೋರಿಸಿದರು.

ಸ್ಪಷ್ಟವಾದ ಮುಖ

ಇಷ್ಟಾದ ಮೇಲೆ ಕೊಲ್ಹಾಪುರದವರು ಪ್ರೋಗ್ರಾಂ ಸುಧಾರಿಸಿ ಕಳಿಸಿದರು. ಈಗ ಅದು ಫೋಟೋದಲ್ಲಿ ಮುಖ ಎಲ್ಲಿದೆ ಎಂದು ತಾನೇ ಹುಡುಕಿ, ಅಷ್ಟನ್ನೇ ಕತ್ತರಿಸಿ ಕೂಡಿಸುತ್ತದೆ.

ಕಾಗವಾಡದ ಒಂದು ಮದುವೆಯ ಬ್ಯಾನರ್ ಬಂತು. ಮದುಮಗ ಮನೆಯಲ್ಲೇ ತಲೆಗೆ ಪಟಕಾ ಸುತ್ತಿಕೊಂಡು, ಪಕ್ಕಕ್ಕೆ ಮುಖ ತಿರುಗಿಸಿ ಫೋಟೋ ತೆಗೆಸಿದ್ದ. ಹಿಂದಿನ ಗೋಡೆಯ ಮೇಲೆ ತೀರಿಹೋದ ಅಜ್ಜನ ದೊಡ್ಡ ಫೋಟೋ ಇತ್ತು, ಅದರಲ್ಲೂ ಪಟಕಾ. ಪ್ರೋಗ್ರಾಂ ಎರಡರಲ್ಲಿ ಸ್ಪಷ್ಟವಾದ ಮುಖ ಆರಿಸಿತು. ನನ್ನ ತಪ್ಪೂ ಇದೆ, ಒಪ್ಪುತ್ತೇನೆ. ಜಗಳ ಯಾವಾಗಲೂ ಹೆಸರಿನ ಅಕ್ಷರಕ್ಕೇ ಬರುತ್ತದಲ್ಲ ಎಂದು ಹೆಸರುಗಳನ್ನು ಮೂರು ಸಲ ಓದಿದೆ. ಪಟಕಾ ಕಂಡಿತು, ಮದುಮಗನೇ ಎಂದುಕೊಂಡೆ.

ಮದುವೆಯ ದಿನ ಮುಂಜಾನೆ ಮಾಲಕರಿಗೆ ಫೋನ್ ಬಂತು. ಇಬ್ಬರೂ ಗಾಡಿಯ ಮೇಲೆ ಕಾಗವಾಡಕ್ಕೆ ಓಡಿದೆವು. ಮಂಟಪದ ಗೇಟಿನ ಮೇಲೆ ಮದುಮಗಳು ನಗುತ್ತಿದ್ದಳು, ಪಕ್ಕದಲ್ಲಿ ಅಜ್ಜ.

ಮದುಮಗನ ತಂದೆ ಕಾಯುತ್ತಿದ್ದರು. “ನಮ್ಮಪ್ಪ ತೀರಿ ಆರ ವರ್ಷ ಆತು. ಇದನ್ನ ನೋಡಿ ಬೀಗರು ಒಳಗ ಬರವಲ್ರು. ಏನ ಹೇಳ್ಲಿ ಅವರಿಗೆ?”

ಮಾಲಕರು ಕೈ ಮುಗಿದರು. “ತಪ್ಪಾತ್ರಿ. ನಾಳೆಯಿಂದ ಇವರನ್ನ ಕಂಪ್ಯೂಟರ್ ಮುಂದ ಕೂಡ್ಸೂದಿಲ್ಲ.”

ನಾನು ನೆಲ ನೋಡುತ್ತ ನಿಂತೆ. ಅಷ್ಟರಲ್ಲಿ ಮದುಮಗನ ಅಜ್ಜಿ ಕೋಲೂರಿಕೊಂಡು ಬಂದು ಬ್ಯಾನರಿನ ಕೆಳಗೆ ನಿಂತರು. ಗಂಡನನ್ನು ಬಹಳ ಹೊತ್ತು ನೋಡಿದರು.

“ಇಂವ ಇನ್ನೊಂದ ಲಗ್ನಾ ಆಗಾಕತ್ತಾನೇನ? ನನಗೊಂದ ಮಾತ ಹೇಳಿಲ್ಲಲ್ಲ.”

ಮೊದಲು ನಕ್ಕವರು ಬೀಗರೇ. ನಗುತ್ತಲೇ ಒಳಗೆ ಬಂದರು. ಇದನ್ನು ಯಾರು ಮಾಡಿದ್ದು ಎಂದು ಅಜ್ಜಿ ಕೇಳಿದರು. ನಾನು ಮುಂದೆ ಬಂದೆ.

“ಆ ಹುಡುಗೀನ್ನ ತಗದು ಅಲ್ಲಿ ನನ್ನ ಕೂಡಸವ್ವ. ನಮ್ಮ ಲಗ್ನದಾಗ ಫೋಟೋ ತಗಸಿದ್ದಿಲ್ಲ. ಮತ್ತ ನೀನ ಮಾಡಬೇಕ, ಬ್ಯಾರೇದವರ ಕೈಯಾಗ ಕೊಡಬ್ಯಾಡ.”

ಮಾಲಕರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. “ಆತ್ರಿ ಅಮ್ಮಾರ, ಇವರ ಮಾಡ್ತಾರ.” ಹೀಗೆ ಆ ಫೋಟೋ ಮುಗಿಯುವವರೆಗೆ ಕುರ್ಚಿ ನನಗೇ ಉಳಿಯಿತು. ಆಮೇಲಿನದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಮುಂದಿನ ವಾರ ಅಜ್ಜಿ ಅಂಗಡಿಗೆ ಬಂದು ನನ್ನ ಪಕ್ಕದಲ್ಲೇ ಕೂತರು. ನಾನು ಬಟನ್ ಮುಟ್ಟಲಿಲ್ಲ, ಕೈಯಿಂದಲೇ ಜೋಡಿಸಿದೆ. ಏನು ಮಾಡುತ್ತೀ ಎಂದು ಕೇಳಿದರು. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಇದ್ದ ಹಾಗೆ ಎಂದು ಮೊದಲಿಂದ ಕೊನೆಯವರೆಗೆ ವಿವರಿಸಿದೆ. ನನ್ನ ವಿವರಣೆಯನ್ನು ಪೂರ್ತಿ ಕೇಳಿದವರು ಇದುವರೆಗೆ ಅವರೊಬ್ಬರೇ.

“ಅಂದ್ರ ಮ್ಯಾಲಿನ ಹಾಳ್ಯಾಗ ಇದ್ದವರು ಕೆಳಗಿನವರನ್ನ ಮುಚ್ಚತಾರ?”

“ಹೌದ್ರಿ ಅಮ್ಮಾ.”

“ಹಂಗಾರ ಮ್ಯಾಲಿನ ಹಾಳ್ಯಾಗ ನನ್ನ ಕೂಡಸು. ಐವತ್ತ ವರ್ಷ ಅವನ ಹಿಂದ ನಾ ಯಾರಿಗೂ ಕಂಡಿಲ್ಲ. ಅವಂದು ಮೀಸಿ ಅಷ್ಟ ಕಂಡ್ರ ಸಾಕು.”